ಪಿಯಾನೊ ಪಕ್ಕದ ಸ್ಟೂಲು

೩ ಫೆಬ್ರವರಿ

ಗಿಣಿ,

ನಿಂತಿದ್ದರೆ ಕೂತುಕೋ. ನಾನೂ ಕೂತೇ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನಿನ್ನ ಭಾವ ಮಾಡಿದ ಘನಕಾರ್ಯ ನೋಡಿದ್ದರೆ ನಿನ್ನಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ, ನನಗಂತೂ ತಿಳಿಯದು.

ಅವಳು ನಮ್ಮ ಗಾಯನ ವೃಂದಕ್ಕೆ ಪಿಯಾನೊ ನುಡಿಸಿದಷ್ಟು ವರ್ಷವೂ ನಾನು ಎಡಪಕ್ಕದ ಸ್ಟೂಲಿನ ಮೇಲೆ ಕೂತು ಪುಟ ತಿರುಗಿಸಿದವನು. ಅವಳು ಗೋಣು ಆಡಿಸುವಳು, ನಾನು ಎದ್ದು ತಿರುಗಿಸುವೆ. ಅಷ್ಟೇ ನಮ್ಮ ಒಪ್ಪಂದ. ಪುಟದ ಮೇಲೆ ಏನು ಬರೆದಿದೆ ಅಂತ ನಾನು ಒಂದು ದಿನವೂ ನೋಡಿದವನಲ್ಲ. ನೋಡುತ್ತಿದ್ದದ್ದು ಅವಳ ಗೋಣನ್ನು. ಇದು ನಮ್ಮಿಬ್ಬರನ್ನು ಬಿಟ್ಟರೆ ನಿನಗೊಬ್ಬಳಿಗೇ ಗೊತ್ತು. ಊರಿನ ಮಟ್ಟಿಗೆ ನಾನು ಸ್ವರಲಿಪಿ ಅರೆದು ಕುಡಿದವನು.

ಅವಳು ಹೋದಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಹೋದ ವಾರ ಗಡಿಯಾರ ಮನೆಗೇ ಬಂದರು. ಗಡಿಯಾರ ಅಂದರೆ ನಮ್ಮ ವೃಂದದ ನಿರ್ದೇಶಕರು, ಎಣಿಕೆ ತಪ್ಪಿದವರನ್ನು ಬದುಕಲು ಬಿಡುವುದಿಲ್ಲ ಅಂತ ಬೆನ್ನ ಹಿಂದೆ ಎಲ್ಲರೂ ಕರೆಯುವುದೇ ಹಾಗೆ. "ಸಾರ್, ಹೊಸ ಹುಡುಗಿ ಬಂದಿದ್ದಾಳೆ. ಔಷಧದ ಅಂಗಡಿಯಲ್ಲಿ ಕೆಲಸ, ಕೈ ಚೆನ್ನಾಗಿದೆ. ಮೇ ತಿಂಗಳ ಕಾರ್ಯಕ್ರಮಕ್ಕೆ ಪುಟ ತಿರುಗಿಸೋಕೆ ನಿಮ್ಮಷ್ಟು ಅನುಭವ ಇನ್ಯಾರಿಗಿದೆ?" ಅಂದರು. ನಾನು "ಆಫ್‌ಕೋರ್ಸ್, ಆಫ್‌ಕೋರ್ಸ್" ಅಂದೆ. ಒಂದು ಸಲ ಅಂದಿದ್ದರೂ ಸಾಕಿತ್ತು.

ನಿನ್ನೆ ಹೋದೆ. ಹುಡುಗಿ ನುಡಿಸಲು ಶುರು ಮಾಡಿದವಳೇ ಗೋಣು ಆಡಿಸಿದಳು. ತಿರುಗಿಸಿದೆ. ಮತ್ತೆ ಆಡಿಸಿದಳು. ಇಷ್ಟು ಬೇಗನಾ ಅನ್ನಿಸಿತು, ಆದರೂ ತಿರುಗಿಸಿದೆ. ಮತ್ತೆ ಆಡಿಸಿದಳು. ಗಿಣಿ, ಅವಳು ಎಣಿಕೆಗೊಂದು ಸಲ ತಲೆ ಆಡಿಸುವವಳು. ತಾಳಕ್ಕೆ. ಪುಸ್ತಕ ಮುಗಿಯುತ್ತ ಬಂತು, ಹಾಡಿನ್ನೂ ಮೊದಲ ಸಾಲಿನಲ್ಲಿ ಇತ್ತು. ಕೊನೆಗೆ ಅವಳು ಎರಡೂ ಕೈ ಮೇಲೆತ್ತಿ, ಮನೆಗೆ ಕಳ್ಳ ನುಗ್ಗಿದ ಹಾಗೆ ನನ್ನ ಮುಖ ನೋಡಿದಳು. ಹಾಡುತ್ತಿದ್ದವರ ಬಾಯಿ ತೆರೆದದ್ದು ತೆರೆದ ಹಾಗೇ. ನನಗೆ ಗರ ಬಡಿದಂತಾಯಿತು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಪದ ಕಲಿಸಿದ್ದರು, ಡಂಬ್‌ಫೌಂಡೆಡ್. ಅದರ ಅರ್ಥ ನನಗೆ ನಿನ್ನೆ ಪೂರ್ತಿಯಾಗಿ ಆಯಿತು.

"ಸಾರ್‌ಗೆ ಕನ್ನಡಕ ಬದಲಾಯಿಸಬೇಕು" ಅಂತ ಗಡಿಯಾರ ಮರ್ಯಾದೆ ಉಳಿಸಿದರು. ನಾನೂ ಹೌದು, ಕನ್ನಡಕದ್ದೇ ತಪ್ಪು ಅಂದುಬಿಟ್ಟೆ.

ಈಗ ಕೇಳು. ನನಗೆ ಸ್ವರಲಿಪಿ ಕಲಿಸು. ಪೂರ್ತಿ ಬೇಡ, ಪುಟ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವಷ್ಟು. ಫೋನಿನಲ್ಲಿ ಕೇಳಬಹುದಿತ್ತು, ಆದರೆ ಎತ್ತುವವರು ನಮ್ಮ ಷಡ್ಡಕರು. ಹವಾಮಾನ ಕಚೇರಿಯಿಂದ ರಿಟೈರ್ ಆದರೂ ನಾಳೆಯ ಮೋಡದ ವಿಷಯ ಮುಗಿಯದೆ ನಿನಗೆ ಕೊಡುವುದಿಲ್ಲ. ಈ ಕಾಗದ ಅವರ ಕಣ್ಣಿಗೆ ಬೀಳದಂತೆ ನೋಡಿಕೋ.

ನಗಬೇಡ. ವಾರಕ್ಕೆರಡು ಸಂಜೆ ಶರ್ಟು ಇಸ್ತ್ರಿ ಮಾಡಿಕೊಂಡು ಹೊರಡಲು ನನಗೆ ಉಳಿದಿರುವುದು ಆ ಸ್ಟೂಲು ಒಂದೇ. ಅದೂ ಹೋದರೆ ನನಗೂ ಈ ಮನೆಯ ಗೋಡೆ ಗಡಿಯಾರಕ್ಕೂ ವ್ಯತ್ಯಾಸ ಇರುವುದಿಲ್ಲ.

ನಿನ್ನ ಭಾವ


೧೬ ಫೆಬ್ರವರಿ

ಭಾವ,

ನಗಬೇಡ ಅಂದಿರಿ, ಅದೊಂದು ಬಿಟ್ಟು ಬೇರೆ ಏನಾದರೂ ಹೇಳಿ. ಈ ಮನೆಯಲ್ಲಿ ಇಬ್ಬರೂ ನಕ್ಕೆವು.

ಪಾಠ ಒಂದು. ಕೆಳಗೆ ಐದು ಗೆರೆ ಎಳೆದಿದ್ದೇನೆ. ಸ್ವರ ಗೆರೆಯ ಮೇಲೂ ಕೂರುತ್ತದೆ, ಎರಡು ಗೆರೆಯ ನಡುವೆಯೂ ಕೂರುತ್ತದೆ. ಮೇಲೇರಿದಷ್ಟೂ ದನಿ ಏರು. ನಿಮಗೆ ಸದ್ಯಕ್ಕೆ ದನಿ ಬೇಡ, ಕಾಲ ಸಾಕು. ಟೊಳ್ಳು ಮೊಟ್ಟೆ ಕಂಡರೆ ನಾಲ್ಕು ಎಣಿಕೆ. ಟೊಳ್ಳು ಮೊಟ್ಟೆಗೆ ಕಡ್ಡಿ ಇದ್ದರೆ ಎರಡು. ಕಪ್ಪು ಮೊಟ್ಟೆಗೆ ಕಡ್ಡಿ ಇದ್ದರೆ ಒಂದು. ಆ ಕಡ್ಡಿಗೆ ಬಾಲ ಇದ್ದರೆ ಅರ್ಧ. ಅಡ್ಡಲಾಗಿ ಐದೂ ಗೆರೆ ದಾಟಿ ನಿಂತ ಗೀಟು ಗೋಡೆ, ಎರಡು ಗೋಡೆಯ ನಡುವಿನದು ಒಂದು ಮನೆ. ಸಾಲಿನ ಮೊದಲಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು ಅಂತ ಬರೆದಿದ್ದರೆ ಮನೆಗೆ ನಾಲ್ಕು ಎಣಿಕೆ ಹಿಡಿಸುತ್ತದೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಕಾಲಲ್ಲಿ ಎಣಿಸಿ. ಬಾಯಲ್ಲಿ ಎಣಿಸಿದರೆ ಮಾತಿಗೆ ಇಳಿದುಬಿಡುತ್ತೀರಿ.

ಪೆನ್ನು ದಪ್ಪವಾಯಿತು, ಕೈಗೆ ಸಿಕ್ಕಿದ್ದು ಅದೇ.

ಗಿಣಿ


೨೧ ಫೆಬ್ರವರಿ

ಗಿಣಿ,

ಅದೇನು ಇಬ್ಬರೂ ನಕ್ಕೆವು ಅಂದರೆ? ಅವರಿಗೆ ಹೇಳಬೇಡ ಅಂತ ಅಷ್ಟು ಸ್ಪಷ್ಟವಾಗಿ ಬರೆದಿದ್ದೆನಲ್ಲ. ಹೋಗಲಿ. ಆ ಮನುಷ್ಯ ನಗುವುದು ವರ್ಷಕ್ಕೊಮ್ಮೆ, ಅದೂ ಬೇರೆಯವರ ಕೊಡೆ ಗಾಳಿಗೆ ತಿರುಗಿಕೊಂಡಾಗ.

ಪಾಠ ಒಂದು ಮುಗಿಯಿತು. ಮೆಟ್ಟಿಲು ಇಳಿಯುವಾಗ ಎಣಿಸುತ್ತೇನೆ, ಹಲ್ಲುಜ್ಜುವಾಗ ಎಣಿಸುತ್ತೇನೆ. ನಿನ್ನೆ ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಕಾಲು ನೋಡಿ ಮುಂದಿದ್ದ ಹೆಂಗಸು "ಅರ್ಜೆಂಟಾ? ಹೋಗಿ ಹೋಗಿ" ಅಂತ ದಾರಿ ಬಿಟ್ಟರು. ನನಗೆ ನಾಚಿಕೆಯಾಯಿತು, ಆದರೂ ಹೋದೆ.

ಟು ಬಿ ವೆರಿ ಫ್ರಾಂಕ್, ನಿನ್ನ ಗೆರೆ ನೋಡಿ ಬೇಜಾರಾಯಿತು. ನೀರು ಸರಬರಾಜು ಕಚೇರಿಯಲ್ಲಿ ಜೀವಮಾನವಿಡೀ ನಕ್ಷೆ ಎಳೆದವನು ನಾನು. ನಿನ್ನ ಐದು ಗೆರೆಯಲ್ಲಿ ಮೂರನೆಯದು ಹೋಗಿ ನಾಲ್ಕನೆಯದಕ್ಕೆ ಡಿಕ್ಕಿ ಹೊಡೆದಿದೆ. ನಮ್ಮ ಕಚೇರಿಯಲ್ಲಿ ಹಾಗೆ ಎಳೆದಿದ್ದರೆ ಇಡೀ ಬಡಾವಣೆಯ ಕೊಳಚೆ ಕುಡಿಯುವ ನೀರಿಗೆ ಸೇರುತ್ತಿತ್ತು. ಮೊಟ್ಟೆಗಳೂ ಒಂದೊಂದು ಒಂದೊಂದು ಗಾತ್ರ. ಮಕ್ಕಳಿಗೆ ಪಿಟೀಲು ಹೇಳಿಕೊಟ್ಟವಳು ನೀನು, ಇಷ್ಟು ಅವಸರ ಯಾಕೆ? ನಾನೇ ಸ್ಕೇಲ್ ಇಟ್ಟು ತಿದ್ದಿ ಎಳೆದುಕೊಂಡೆ. ನಕಲು ಇಟ್ಟಿದ್ದೇನೆ, ನೋಡಿ ಕಲಿ.

ನಿನ್ನೆಯ ಅಭ್ಯಾಸಕ್ಕೆ ಹೋಗಿ ಬರೀ ನೋಡುತ್ತ ಕೂತೆ, ಹೊಸ ಕನ್ನಡಕ ಬಂದಿಲ್ಲ ಅಂತ ಸುಳ್ಳು ಹೇಳಿ. ಗಡಿಯಾರ ಔಷಧದ ಹುಡುಗಿಗೆ ಬುದ್ಧಿ ಹೇಳುತ್ತಿದ್ದರು: "ನೀನು ಕೈ ನೋಡ್ಕೊಂಡು ನುಡಿಸ್ತೀಯ. ಸಾರ್ ಮನೆಯವರನ್ನ ನೋಡಬೇಕಿತ್ತಮ್ಮ. ಒಂದು ಸಲ ಕೂತರೆ ಪುಟದಿಂದ ಕಣ್ಣು ಕೀಳ್ತಿರಲಿಲ್ಲ." ನನ್ನ ಎದೆ ಉಬ್ಬಿತು.

ಪಾಠ ಎರಡು ಕಳಿಸು, ಸ್ಕೇಲ್ ಇಟ್ಟು.

ನಿನ್ನ ಭಾವ


೧೪ ಮಾರ್ಚ್

ಭಾವ,

ತಡವಾಯಿತು. ಈ ಸಲ ಚಿತ್ರ ಇಲ್ಲ, ನಿಮ್ಮ ಪರೀಕ್ಷೆಯಲ್ಲಿ ಪಾಸಾಗುವ ಧೈರ್ಯ ನನಗಿಲ್ಲ. ಬಾಯಿಮಾತಿನಲ್ಲೇ ಹೇಳುತ್ತೇನೆ, ನಿಮ್ಮ ಹತ್ತಿರ ಪುಸ್ತಕ ಇದೆಯಲ್ಲ, ಎದುರಿಗಿಟ್ಟುಕೊಳ್ಳಿ.

ಸುಮ್ಮನಿರುವುದಕ್ಕೂ ಚಿಹ್ನೆ ಇದೆ. ನಡುಗೆರೆಯ ಮೇಲೆ ಕೂತ ಪುಟ್ಟ ಟೋಪಿ ಕಂಡರೆ ಎರಡು ಎಣಿಕೆ ಮೌನ. ಮೇಲಿನಿಂದ ಎರಡನೇ ಗೆರೆಗೆ ಅದೇ ಟೋಪಿ ನೇತುಬಿದ್ದಿದ್ದರೆ ಮನೆಪೂರ್ತಿ ಮೌನ. ಸೊಟ್ಟ ಮಿಂಚಿನ ಹಾಗೆ ಇದ್ದರೆ ಒಂದು. ಅದನ್ನು ಬಿಟ್ಟು ಓದಬೇಡಿ. ಜೋಡಿಗೋಡೆ ಇದ್ದು ಅದರ ಎಡಕ್ಕೆ ಎರಡು ಚುಕ್ಕೆ ಇದ್ದರೆ ಹಿಂದಕ್ಕೆ ಹೋಗಬೇಕು ಎಂದರ್ಥ. ಹಿಂದಿನ ಪುಟಕ್ಕೂ ಹೋಗಬೇಕಾಗಬಹುದು.

ಪುಟ ಮುಗಿದಮೇಲೆ ತಿರುಗಿಸುವುದಲ್ಲ. ಕೊನೆಯ ಸಾಲು ಶುರುವಾದಾಗ ಏಳಬೇಕು, ಕೊನೆಯ ಮನೆಗೆ ಕಾಲಿಟ್ಟಾಗ ತಿರುಗಿಸಬೇಕು. ನುಡಿಸುವವರ ಕಣ್ಣು ಕೈಗಿಂತ ಯಾವಾಗಲೂ ಒಂದು ಮನೆ ಮುಂದೆ ಇರುತ್ತದೆ.

ಹುಡುಗಿಯ ತಲೆ ನೋಡಬೇಡಿ, ಪುಟ ನೋಡಿ.

ಗಿಣಿ


೧೮ ಮಾರ್ಚ್

ಗಿಣಿ,

ಮೊದಲು ಶುಭವಾರ್ತೆ. ನಿನ್ನೆ ತಿರುಗಿಸಿದೆ. ಸರಿಯಾಗಿ. ಹಿಂದಕ್ಕೆ ಹೋಗುವ ಚುಕ್ಕೆಯಲ್ಲೂ ಬೀಳಲಿಲ್ಲ. ಹುಡುಗಿ ಮುಗಿದಮೇಲೆ "ಅಂಕಲ್, ಹೊಸ ಕನ್ನಡಕ ಸೂಪರ್" ಅಂದಳು. ನನ್ನ ಮೂಗಿನ ಮೇಲೆ ಇದ್ದದ್ದು ಹಳೆಯದೇ.

ಆದರೆ ಮೌನದ ವಿಷಯಕ್ಕೆ ನಾನು ಬೆಚ್ಚಿಬಿದ್ದೆ. ಆ ಸೊಟ್ಟ ಮಿಂಚುಗಳನ್ನು ನಾನು ಇಷ್ಟು ದಿನ ಅಚ್ಚಿನ ಮನೆಯವರ ಮಸಿ ಕಲೆ ಅಂದುಕೊಂಡು ಹಾರಿಸಿಕೊಂಡೇ ಓದುತ್ತಿದ್ದೆ. ಅದಕ್ಕೇ ಅಭ್ಯಾಸದಲ್ಲಿ ಕೂತು ಎಣಿಸುವಾಗ ಪ್ರತಿ ಹಾಡೂ ಎಲ್ಲರಿಗಿಂತ ಮೊದಲು ಮುಗಿಸಿ ಕಣ್ಣು ಕಣ್ಣು ಬಿಡುತ್ತಿದ್ದೆ. ಏನೂ ಆಗದೇ ಇರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ನಮ್ಮ ಕಚೇರಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ಏನೂ ಆಗದಿದ್ದರೆ ಅದನ್ನು ಮಂಗಳವಾರ ಅನ್ನುತ್ತಿದ್ದೆವು.

ಚಿತ್ರ ಬರೆಯಲಿಲ್ಲ ಅಂತ ಸಿಟ್ಟಾಗಿಲ್ಲ. ಆದರೆ ಅಕ್ಷರವೂ ಯಾಕೆ ಇಷ್ಟು ದೊಡ್ಡದು? ಒಂದು ಪುಟಕ್ಕೆ ಎಂಟು ಸಾಲು, ಬಸ್ಸಿನ ಬೋರ್ಡು ಬರೆದ ಹಾಗೆ. ಮುದುಕನಿಗೆ ಕಾಣಲಿ ಅಂತಲೋ? ನನ್ನ ಕಣ್ಣು ಇನ್ನೂ ಫಸ್ಟ್ ಕ್ಲಾಸ್ ಆಗಿದೆ. ಷಡ್ಡಕರು ನಿನ್ನನ್ನು ಕೆಲಸಕ್ಕೆ ಹಚ್ಚಿ ತಾವು ಆಕಾಶ ನೋಡುತ್ತ ಕೂರುತ್ತಾರೆ, ಅದಕ್ಕೇ ನಿನಗೆ ಪುರುಸೊತ್ತಿಲ್ಲ. ಅವರ ಗೊರಕೆಯೂ ಕಾರಣ ಇರಬಹುದು. ನಿಮ್ಮ ಮನೆಗೆ ಬಂದಾಗ ಎರಡು ಗೋಡೆಯಾಚೆ ಮಲಗಿ ಕೇಳಿಸಿಕೊಂಡವನು ನಾನು. ಅದರಲ್ಲಿ ಮೌನದ ಚಿಹ್ನೆಯೇ ಇಲ್ಲ.

ಗಡಿಯಾರ ಹಳೆಯ ಕಾರ್ಯಕ್ರಮಗಳ ಧ್ವನಿಮುದ್ರಿಕೆ ಕೊಟ್ಟಿದ್ದಾರೆ, ಅವಳು ನುಡಿಸಿದ್ದು. ಕೇಳುತ್ತ ಪುಸ್ತಕ ಹಿಡಿದು ಅಭ್ಯಾಸ ಮಾಡುತ್ತೇನೆ. ಇನ್ನೂ ಹಾಕಿಲ್ಲ. ಹಾಕಲು ಒಂದೆರಡು ದಿನ ಬೇಕು ನನಗೆ.

ನಿನ್ನ ಭಾವ


೩೦ ಮಾರ್ಚ್

ಗಿಣಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕಾಯಲು ಆಗುತ್ತಿಲ್ಲ.

ಊಟ ಮುಗಿಸಿ, ಕಿಟಕಿಯ ಪರದೆ ಎಳೆದು, ಧ್ವನಿಮುದ್ರಿಕೆ ಹಾಕಿದೆ. ಮೊದಲು ಹಳೆಯದು, ನನ್ನ ತಲೆಯಲ್ಲಿ ಕೂದಲಿದ್ದ ಕಾಲದ್ದು. ಪುಸ್ತಕ ತೊಡೆಯ ಮೇಲೆ, ಕಾಲಲ್ಲಿ ಎಣಿಕೆ. ಕೊನೆಯ ಸಾಲು, ಕೊನೆಯ ಮನೆ, ನಾನು ತಿರುಗಿಸಿದೆ. ಆಗಲೇ ಮುದ್ರಿಕೆಯೊಳಗೂ ಸರ್ರ್ ಅಂತ ಕಾಗದದ ಸದ್ದು ಬಂತು. ಅದು ನಾನು ಗಿಣಿ. ಅವಳು ಗೋಣು ಆಡಿಸಿದ್ದಾಳೆ, ನಾನು ತಿರುಗಿಸಿದ್ದೇನೆ, ಅದು ಅಲ್ಲಿ ಹಾಗೇ ಉಳಿದಿದೆ. ಹೊಸ ನಾನೂ ಹಳೆಯ ನಾನೂ ಒಟ್ಟಿಗೆ ತಿರುಗಿಸುತ್ತ ಹಾಡು ಮುಗಿಸಿದೆವು. ಒಂದೂ ತಪ್ಪಲಿಲ್ಲ. ನಾನು ಎಷ್ಟು ಖುಷಿಯಾಗಿದ್ದೆ ಅಂದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಆಮೇಲೆ ಕೊನೆಯ ವರ್ಷದ್ದು ಹಾಕಿದೆ. ಅದೇ ಹಾಡು, ಅದೇ ಪುಸ್ತಕ.

ಪುಟ ಮುಗಿಯಿತು. ಸದ್ದು ಇಲ್ಲ. ನಾನು ತಿರುಗಿಸಿದೆ. ಮುಂದಿನ ಪುಟದ ಅರ್ಧಕ್ಕೆ ಬಂದಾಗ, ಏನೂ ಇಲ್ಲದ ಜಾಗದಲ್ಲಿ, ಸರ್ರ್. ಆಮೇಲೆ ಎರಡು ಪುಟ ಸದ್ದೇ ಇಲ್ಲ. ಆಮೇಲೆ ಮತ್ತೆ ಎಲ್ಲೋ ನಡುವೆ ಒಂದು. ನಾನೇ ಎಣಿಕೆ ತಪ್ಪಿದೆ ಅಂದುಕೊಂಡು ಮತ್ತೆ ಹಾಕಿದೆ. ಅದರ ಹಿಂದಿನ ವರ್ಷದ್ದು ಹಾಕಿದೆ, ಅದರ ಹಿಂದಿನದು ಹಾಕಿದೆ. ಎಲ್ಲದರಲ್ಲೂ ಹಾಗೇ. ಅವಳು ಒಂದು ಸ್ವರವನ್ನೂ ತಪ್ಪಿಲ್ಲ. ಆದರೆ ನಾನು ತಿರುಗಿಸುತ್ತಿದ್ದ ಪುಟಕ್ಕೂ ಅವಳು ನುಡಿಸುತ್ತಿದ್ದ ಪುಟಕ್ಕೂ ಸಂಬಂಧವೇ ಇಲ್ಲ. ಹಾಡು ಮುಗಿದಾಗ ಪುಸ್ತಕ ನಡುಮಧ್ಯದಲ್ಲೇ ತೆರೆದಿದ್ದಿರಬೇಕು. ಅವಳೇ ಮುಚ್ಚಿಡುತ್ತಿದ್ದಳು, ಯಾವಾಗಲೂ.

ಅವಳು ಪುಟವನ್ನೇ ನೋಡುತ್ತಿರಲಿಲ್ಲ. ಅವಳಿಗೆ ಬೇಕಾಗಿರಲಿಲ್ಲ. ಹಾಗಾದರೆ ನಾನು ಆ ಸ್ಟೂಲಿನ ಮೇಲೆ ಏನು ಮಾಡುತ್ತಿದ್ದೆ?

ನಿನಗೆ ಗೊತ್ತಿತ್ತಾ? ಹೌದು ಅಥವಾ ಇಲ್ಲ, ಒಂದೇ ಪದ ಬರೆ.

ಭಾವ


೧೨ ಏಪ್ರಿಲ್

ಭಾವ,

ಅಕ್ಕನಿಗೆ ಎಲ್ಲ ಬಾಯಿಪಾಠವಾಗಿತ್ತು. ನೀವು ಪಕ್ಕದಲ್ಲಿ ಇರಲಿ ಅಂತ ಇಟ್ಟುಕೊಂಡಿದ್ದಳು. ಅದನ್ನು ಕೆದಕಬೇಡಿ. ಮೇ ತಿಂಗಳ ಕಾರ್ಯಕ್ರಮಕ್ಕೆ ತಯಾರಾಗಿ.

ಗಿಣಿ


೧೫ ಏಪ್ರಿಲ್

ಗಿಣಿ,

ನೀನು ಬರೆದ ನಾಲ್ಕು ಸಾಲಿನಲ್ಲಿ ಎರಡನೆಯದರ ಮೇಲೇ ಮೂರನೆಯದನ್ನು ಬರೆದಿದ್ದೀಯ. ಬಿಡಿಸಿ ಓದಲು ಅರ್ಧ ಗಂಟೆ ಹಿಡಿಯಿತು. ನನ್ನ ಮೇಲೆ ಅಷ್ಟು ಬೇಸರ ಇದ್ದರೆ ಬರೆಯದೇ ಇದ್ದರೂ ಆಗುತ್ತಿತ್ತು.

ಪಕ್ಕದಲ್ಲಿ ಇರಲಿ ಅಂತ ಇಟ್ಟುಕೊಂಡಿದ್ದಳು. ಹೂದಾನಿಯನ್ನು ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಹೂದಾನಿಗೆ ಗೋಣು ಆಡಿಸಿ ಎಬ್ಬಿಸಿ ಕೂರಿಸುವುದೊಂದು ಹೆಚ್ಚು. ನಾನು ಪ್ರತಿ ಸಲವೂ ಅಂಗೈ ಬೆವರು ಪ್ಯಾಂಟಿಗೆ ಒರೆಸಿಕೊಂಡು, ಎಲ್ಲಿ ಎರಡು ಪುಟ ಒಟ್ಟಿಗೆ ಬಂದುಬಿಡುತ್ತದೋ ಅಂತ ಪ್ರಾಣ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದೆ. ಮನೆಗೆ ಬರುವಾಗ "ಇವತ್ತು ಹೇಗಿತ್ತು?" ಅಂತ ಕೇಳಿದರೆ "ನೀವಿಲ್ಲದಿದ್ದರೆ ಆಗ್ತಿರಲಿಲ್ಲ ಕಣ್ರೀ" ಅನ್ನುತ್ತಿದ್ದಳು. ಆ ಮಾತನ್ನು ನಾನು ನಿಜ ಅಂದುಕೊಂಡಿದ್ದೆ. ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಒಳಗೊಳಗೇ ಎಷ್ಟು ನಗುತ್ತಿದ್ದಳೋ. ನೀವಿಬ್ಬರೂ ಕೂತು ನಕ್ಕಿರಬೇಕು. ಹೊಸ ಹಾಡು ಬಂದಾಗಲೆಲ್ಲ ತಂಗಿಯ ಮನೆ ತಂಗಿಯ ಮನೆ ಅಂತ ಓಡಿ ಬರುತ್ತಿದ್ದಳಲ್ಲ, ಇದಕ್ಕೇ ಇರಬೇಕು.

ನಾಳೆ ಗಡಿಯಾರರಿಗೆ ಹೇಳಿ ಸ್ಟೂಲು ಬಿಡುತ್ತೇನೆ. ಒಬ್ಬಳ ತಮಾಷೆಗೆ ಕೂತದ್ದು ಸಾಕು. ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ. ಇನ್ನು ಪಾಠ ಬೇಡ. ಇಲ್ಲಿಯವರೆಗಿನದಕ್ಕೆ ಥ್ಯಾಂಕಿಂಗ್ ಯೂ, ಯುವರ್ಸ್ ಫೇತ್‌ಫುಲಿ.

(ಹೆಸರು ಬರೆಯುವ ಜಾಗದಲ್ಲಿ ಏನು ಬರೆಯಬೇಕೋ ತೋಚಲಿಲ್ಲ.)


೪ ಮೇ

ಭಾವ,

ಅಕ್ಷರ ಬೇರೆ ಇದೆ ಅಂತ ಗಾಬರಿಯಾಗಬೇಡಿ. ನಾನು ಹೇಳುತ್ತಿದ್ದೇನೆ, ಇವರು ಬರೆಯುತ್ತಿದ್ದಾರೆ. ಮೊದಲ ಕಾಗದದಿಂದಲೂ ನಿಮ್ಮದನ್ನು ನನಗೆ ಓದಿ ಹೇಳುತ್ತಿರುವವರು ಇವರೇ. ಕೊಡೆ, ಮೋಡ, ಗೊರಕೆ, ಎಲ್ಲವನ್ನೂ ಒಂದಕ್ಷರ ಬಿಡದೆ ಓದಿದರು, ವಾರ್ತೆ ಓದುವವರ ದನಿಯಲ್ಲಿ.

ಇಷ್ಟು ದಿನ ಬಾಯಿ ಬಿಡದಿದ್ದದ್ದು ಅಕ್ಕನಿಗೆ ಕೊಟ್ಟ ಮಾತಿಗೆ. ಆದರೆ ಅವಳು ನಿಮ್ಮನ್ನು ನೋಡಿ ನಕ್ಕಳು ಅಂತ ನೀವು ನಂಬಿಕೊಂಡು ಕೂತರೆ ಆ ಮಾತು ಉಳಿಸಿಕೊಂಡು ನನಗೇನಾಗಬೇಕು. ಇಷ್ಟನ್ನು ಹೇಳಲೂ ಮೂರು ವಾರ ಹಿಡಿಯಿತು.

ಅಕ್ಕನಿಗೆ ಕಣ್ಣು ಹೋಗಿತ್ತು ಭಾವ. ಪೂರ್ತಿ ಅಲ್ಲ, ನಟ್ಟನಡುವೆ. ಎಲ್ಲಿ ನೋಡಿದರೆ ಅಲ್ಲೊಂದು ಮಂಜಿನ ಬೊಟ್ಟು. ಅಂಚಿನಲ್ಲಿ ಎಲ್ಲ ಕಾಣುತ್ತದೆ: ಬಾಗಿಲು, ಮೆಟ್ಟಿಲು, ಬರುವ ಜನ. ಅದಕ್ಕೇ ಓಡಾಡುವವರನ್ನು ನೋಡಿ ಯಾರಿಗೂ ತಿಳಿಯುವುದಿಲ್ಲ. ಓದಲು ಹೋದರೆ ಮಾತ್ರ ಅಕ್ಷರ ಇರುವುದಿಲ್ಲ. ಕೊನೆಯ ಐದಾರು ವರ್ಷ ಅವಳು ಒಂದು ಸ್ವರವನ್ನೂ ಓದಿದವಳಲ್ಲ. ಹೊಸ ಹಾಡು ಬಂದಾಗ ನಮ್ಮ ಮನೆಗೆ ಬರುತ್ತಿದ್ದಳು. ನಾನು ಒಂದೊಂದೇ ಮನೆ ಓದಿ ಹೇಳುವೆ, ಅವಳು ಮೇಜಿನ ಮೇಲೆ ಬೆರಳಾಡಿಸಿ ಕಲಿಯುವಳು. ನೀವಂದ ಹಾಗೆ ನಗುತ್ತಲೂ ಇದ್ದೆವು, ಆದರೆ ನಿಮ್ಮನ್ನಲ್ಲ.

"ಭಾವನಿಗೆ ಹೇಳೇ" ಅಂತ ಬೇಡಿಕೊಂಡಿದ್ದೆ. "ಹೇಳಿದ ದಿನವೇ ಅವರು ನನ್ನ ಪರವಾಗಿ ರಾಜೀನಾಮೆ ಬರೆದು ಗಡಿಯಾರನ ಕೈಗೆ ಕೊಟ್ಟು ಬರ್ತಾರೆ. ಒಂದು ಸಲ ಸೈಕಲಿನಿಂದ ಬಿದ್ದದ್ದಕ್ಕೆ ಸೈಕಲನ್ನೇ ಮಾರಿದ ಮನುಷ್ಯ" ಅಂದಳು. ನಾನು ಎದುರು ಮಾತಾಡಲಿಲ್ಲ. ನೀವೇ ಹೇಳಿ, ಮಾಡುತ್ತಿರಲಿಲ್ಲವಾ?

ಇನ್ನು ಸ್ಟೂಲಿನ ಮೇಲೆ ಏನು ಮಾಡುತ್ತಿದ್ದೆ ಅಂತ ಕೇಳಿದಿರಿ. ನಾನೂ ಅವಳನ್ನು ಕೇಳಿದ್ದೆ: ಪುಸ್ತಕವೇ ಬೇಡವಾದಮೇಲೆ ಭಾವನನ್ನು ಯಾಕೆ ಕೂರಿಸಿಕೊಳ್ಳುತ್ತೀ ಅಂತ. ಅವಳು ಹೇಳಿದ್ದು ಇದು. ನೆಟ್ಟಗೆ ನಿಮ್ಮ ಮುಖ ನೋಡಿದರೆ ನಿಮ್ಮ ಮುಖ ಇರುತ್ತಿರಲಿಲ್ಲ. ಊಟದ ಮೇಜಿನಲ್ಲಿ ಎದುರೆದುರು ಕೂತರೂ ಅಷ್ಟೇ. ಪಿಯಾನೊ ಮುಂದೆ ಮಾತ್ರ, ಪುಟದ ಮೇಲೆ ಕಣ್ಣಿಟ್ಟು ಕೂತರೆ ಪುಟದ ಜಾಗದಲ್ಲಿ ಮಂಜು, ಅದರ ಎಡಪಕ್ಕದಲ್ಲಿ ನೀವು. ಹಾಡು ಮುಗಿಯುವವರೆಗೂ ಯಾರೂ ಬೇರೆ ಕಡೆ ನೋಡು ಅನ್ನುವುದಿಲ್ಲ. ನೀವು ಪುಟ ತಿರುಗಿಸಲು ಬಾಗಿದಾಗ ಮಂಜಿನೊಳಗೆ ಹೋಗಿಬಿಡುತ್ತಿದ್ದಿರಂತೆ, ಕೂತಾಗ ಮತ್ತೆ ಬರುತ್ತಿದ್ದಿರಂತೆ. "ಅದಕ್ಕೇ ಆದಷ್ಟು ಕಮ್ಮಿ ಗೋಣು ಆಡಿಸ್ತೀನಿ ಕಣೇ" ಅಂದಿದ್ದಳು.

ಪುಟದಿಂದ ಕಣ್ಣು ಕೀಳುತ್ತಿರಲಿಲ್ಲ ಅಂತ ನಿಮ್ಮ ನಿರ್ದೇಶಕರು ಹೊಗಳಿದರಂತಲ್ಲ, ಆ ಕಾಗದ ಓದಿಸಿಕೊಂಡ ದಿನ ನಾನು ಎದ್ದು ಒಳಗೆ ಹೋಗಿಬಿಟ್ಟೆ.

ನಮ್ಮ ಅಪ್ಪನಿಗೂ ಇದೇ ಇತ್ತು. ಈಗ ನನಗೆ. ಹೋದ ವರ್ಷ ಶುರುವಾಯಿತು, ಈಚೆಗೆ ಜೋರಾಗಿದೆ. ನನ್ನದನ್ನು ಹೇಳಿದರೆ ಅವಳದ್ದು ನಿಮಗೆ ಹೊಳೆದುಬಿಡುತ್ತದೆ ಅಂತ ಅದನ್ನೂ ಮುಚ್ಚಿಟ್ಟೆ. ನಿಮಗೆ ಬರೆದ ಐದು ಗೆರೆಯೇ ನಾನು ಎಳೆದ ಕೊನೆಯ ಐದು ಗೆರೆ. ನೀವು ತಿದ್ದಿದ ನಕಲು ಬಂದಾಗ ಇವರು ನನ್ನ ಬೆರಳು ಹಿಡಿದು ಅದರ ಮೇಲೆ ಎಳೆದು ತೋರಿಸಿದರು. ತುಂಬಾ ನೆಟ್ಟಗಿದೆಯಂತೆ.

ಪಿಟೀಲು ಬಿಟ್ಟಿಲ್ಲ. ಗೊತ್ತಿರುವುದನ್ನೇ ತಿರುಗಿ ತಿರುಗಿ ನುಡಿಸುತ್ತೇನೆ. ಹೊಸದು ಇನ್ನಿಲ್ಲ, ಓದಿ ಹೇಳುವವರಿಲ್ಲ. ಇವರಿಗೆ ಮೋಡ ಬಿಟ್ಟು ಬೇರೇನೂ ಓದಲು ಬರುವುದಿಲ್ಲ.

ಗಿಣಿ

ಷಡ್ಡಕರೇ, ಕೊನೆಯ ವಾಕ್ಯವನ್ನು ಅವಳು ಹೇಳಿದಂತೆಯೇ ಬರೆದಿದ್ದೇನೆ, ನನ್ನ ಒಪ್ಪಿಗೆ ಇಲ್ಲ. ಗೊರಕೆಯ ವಿಷಯದಲ್ಲೂ ಇಲ್ಲ. ನೀವು ಸ್ಟೂಲು ಬಿಟ್ಟಿರೋ ಇಲ್ಲವೋ ತಿಳಿಸಿ. ಅವಳು ದಿನಾ ಅಂಚೆಯವನ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತಾಳೆ.


೯ ಮೇ

ಗಿಣಿ, ಷಡ್ಡಕರೇ,

ಇಬ್ಬರಿಗೂ ಸೇರಿಸಿಯೇ ಬರೆಯುತ್ತೇನೆ, ಇನ್ನು ಕದ್ದು ಬರೆದು ಏನು ಪ್ರಯೋಜನ.

ಕಾಗದವನ್ನು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತು ಓದಲು ಶುರು ಮಾಡಿದವನು ಅದರ ಮೇಲೆಯೇ ಕೂತು ಮುಗಿಸಿದೆ. ಸ್ಟ್ಯಾಂಡು ಮುರಿಯಿತು. ಆಮೇಲೂ ಅಲ್ಲೇ ಕೂತಿದ್ದೆ.

ಅವಳ ಜೊತೆ ಒಂದೇ ಮನೆಯಲ್ಲಿದ್ದವನು ನಾನು. ಬೆಳಿಗ್ಗೆ ಪೇಪರನ್ನು ನನ್ನ ಕೈಗೆ ಕೊಟ್ಟು "ನೀವೇ ಓದಿ, ನಿಮ್ಮ ದನಿ ಕೇಳೋಕೆ ಚೆನ್ನ" ಅನ್ನುತ್ತಿದ್ದಳು. ಕಾಲೇಜಿನಲ್ಲಿ ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡವನಲ್ಲವೇ ಅಂತ ನಾನು ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ, ಟೆಂಡರು ಪ್ರಕಟಣೆ ಸಮೇತ. ಮಾತ್ರೆಯ ಪೊಟ್ಟಣವನ್ನು ಮೂಸಿ ನೋಡುತ್ತಿದ್ದಳು, ಅದೊಂದು ಅಭ್ಯಾಸ ಅಂದುಕೊಂಡೆ. ಮಾತಾಡುವಾಗ ನನ್ನ ಕಿವಿಯ ಕಡೆ ನೋಡುತ್ತಿದ್ದಳು. ಕಿವಿಯಲ್ಲಿ ಸೋಪು ಉಳಿದಿದೆಯೇನೋ ಅಂತ ಒರೆಸಿಕೊಳ್ಳುತ್ತಿದ್ದೆ ಗಿಣಿ. ಒಂದೊಂದೇ ನೆನಪಾಗುತ್ತಿದೆ, ಪ್ರತಿಯೊಂದಕ್ಕೂ ಹೊಸದಾಗಿ ಬೆಚ್ಚುತ್ತಿದ್ದೇನೆ. ರಾಜೀನಾಮೆ ಬರೆಯುತ್ತಿರಲಿಲ್ಲವಾ ಅಂತ ನೀನು ಕೇಳಿದೆ. ಬರೆಯುತ್ತಿದ್ದೆ. ಅದೇ ದಿನ, ನೀಟಾಗಿ, ಮೂರು ಪ್ರತಿಯಲ್ಲಿ.

ಸ್ಟೂಲಿನ ವಿಷಯ. ಬಿಡುತ್ತೇನೆ ಅಂತ ಆಗಲೇ ಹೇಳಿದ್ದೆ, ಗಡಿಯಾರ ಕಾರ್ಯಕ್ರಮ ಮುಗಿಯಲಿ ಅಂತ ಒಪ್ಪಿರಲಿಲ್ಲ. ಮುಖ ಊದಿಸಿಕೊಂಡೇ ಹೋಗುತ್ತಿದ್ದೆ. ನಿನ್ನೆ ಹೋಗಿ ಎಲ್ಲರೆದುರು ಹೇಳಿದೆ: ನನಗೆ ಫೆಬ್ರವರಿಯವರೆಗೆ ಓದಲು ಬರುತ್ತಿರಲಿಲ್ಲ, ಅವಳಿಗೆ ಕಾಣುತ್ತಿರಲಿಲ್ಲ. ಗಡಿಯಾರರ ಕೈಯಲ್ಲಿದ್ದ ಕಡ್ಡಿ ಮೇಲೆ ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಅಷ್ಟು ಹೊತ್ತು ಆ ಮನುಷ್ಯ ಎಣಿಕೆ ಬಿಟ್ಟು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಆಮೇಲೆ "ನಾನು ಆಕೆಗೆ ಒಂದು ಸಲ, ಬೆಳಕು ಸಾಲದಾದರೆ ದೀಪ ಹತ್ತಿರ ಎಳ್ಕೊಳಮ್ಮ ಅಂದಿದ್ದೆ" ಅಂದರು. "ಎಳ್ಕೊಂಡ್ರು. ಥ್ಯಾಂಕ್ಸೂ ಹೇಳಿದ್ರು." ಅಷ್ಟು ಹೇಳಿ ಕೂತುಬಿಟ್ಟರು.

ಔಷಧದ ಹುಡುಗಿ ಮಾತ್ರ "ಅಂಕಲ್, ಈಗಂತೂ ಓದೋಕೆ ಬರುತ್ತಲ್ಲ, ಬನ್ನಿ ಕೂತ್ಕೊಳಿ, ನನಗೆ ನಿಜವಾಗ್ಲೂ ಪುಟ ತಿರುಗಿಸಬೇಕು" ಅಂದಳು. ಕೂತೆ. ತಿರುಗಿಸಿದೆ. ಕೊನೆಯ ಸಾಲಿಗೆ ಎದ್ದೆ, ಕೊನೆಯ ಮನೆಗೆ ಕೈ ಹಾಕಿದೆ. ಎಲ್ಲ ಸರಿಯಾಗಿತ್ತು. ಸರಿಯಾಗಿ ತಿರುಗಿಸಿದ್ದಕ್ಕೇ ಯಾಕೋ ಕಣ್ಣು ತುಂಬಿ ಮುಂದಿನ ಎರಡು ಸಾಲು ನನಗೂ ಕಾಣಲಿಲ್ಲ. ಕಾಲಲ್ಲಿ ಎಣಿಸಿಕೊಂಡು ದಾಟಿಸಿದೆ.

ಕಾರ್ಯಕ್ರಮ ಹದಿನೇಳಕ್ಕೆ. ಹತ್ತೊಂಬತ್ತರ ಬೆಳಗಿನ ಬಸ್ಸಿಗೆ ನಾನು ನಿಮ್ಮ ಮನೆಗೆ ಬರುತ್ತೇನೆ. ಗಡಿಯಾರರ ಹತ್ತಿರ ಪಿಟೀಲಿನ ಪುಸ್ತಕ ಎರಡು ಇಸಿದುಕೊಂಡಿದ್ದೇನೆ, ನೀನು ಕೇಳಿರದಂಥವು. ಕಾಲ ಓದುತ್ತೇನೆ, ದನಿ ಇನ್ನೂ ನಿಧಾನ, ಗೆರೆ ಎಣಿಸಿ ಹೇಳಬೇಕು. ಕೆಳಗಿನಿಂದ ಎರಡನೇ ಗೆರೆ, ಕಪ್ಪು ಮೊಟ್ಟೆ, ಒಂದು ಎಣಿಕೆ. ಮೂರನೇ ಸಂದು, ಟೊಳ್ಳು, ಎರಡು. ಹಾಗೆ ಹೇಳುತ್ತ ಹೋಗುತ್ತೇನೆ, ನೀನು ನುಡಿಸುತ್ತ ಹೋಗು. ದಿನಕ್ಕೆ ಎರಡು ಸಾಲು ಆದರೂ ಆಯಿತು. ತಪ್ಪಿದರೆ ಬೈ, ನಿನ್ನ ಶಾಲೆಯ ಮಕ್ಕಳಿಗೆ ಬೈದ ಹಾಗೆಯೇ ಬೈ.

ಇಲ್ಲಿ ಒಂದು ಸಾಲು ಹೊಡೆದು ಹಾಕಿದ್ದೇನೆ. ಒಲೆಯ ಹತ್ತಿರ ಹೋಗಬೇಡ, ಗೇಟಿನ ತನಕ ಒಬ್ಬಳೇ ಬರಬೇಡ ಅಂತ ಏನೇನೋ ಬರೆದಿದ್ದೆ. ಷಡ್ಡಕರೇ, ಹೊಡೆದದ್ದನ್ನು ಓದಬೇಡಿ.

ಒಂದು ಮಾತ್ರ ಅವಳನ್ನು ಕೇಳಿ ಬರೆದು ಕಳಿಸಿ. ಪಿಟೀಲು ಎಡಭುಜಕ್ಕೆ ಬರುತ್ತದೆ, ಬಿಲ್ಲು ಬಲಕ್ಕೆ ಓಡುತ್ತದೆ. ಅವಳು ನೆಟ್ಟಗೆ ನೋಡುತ್ತ ನುಡಿಸುವಾಗ ನಾನು ಎಲ್ಲಿ ಕುರ್ಚಿ ಹಾಕಿಕೊಂಡರೆ ಅವಳಿಗೆ ಕಾಣುತ್ತೇನೆ?

ನಿಮ್ಮ ಭಾವ